ಅಜ್ಜನ ವಾಚು ಅಸಲಿಯೋ ಅಲ್ಲವೋ: ನೋಡಿ ತಿಳಿಯುವ ಬಗೆ

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ಹಳ್ಳಿಗಳಲ್ಲಿ ಮನೆಯ ಹಿರಿಯರು ತೀರಿಕೊಂಡ ಮೇಲೆ ಹೊಲ, ಮನೆ, ಬಂಗಾರ, ತಾಮ್ರದ ಹಂಡೆಗಳ ಲೆಕ್ಕವೂ ಆಗುತ್ತದೆ. ವಾಚಿನ ಲೆಕ್ಕ ಯಾರೂ ಮಾಡುವುದಿಲ್ಲ. ಅದು ಟ್ರಂಕಿನ ತಳದಲ್ಲಿ ಹಳೆಯ ಪಹಣಿ, ಪಾಸ್‌ಬುಕ್ಕುಗಳ ಜೊತೆ ಉಳಿದುಬಿಡುತ್ತದೆ. ಎಷ್ಟೋ ವರ್ಷದ ನಂತರ ಮೊಮ್ಮಗನೋ ಮೊಮ್ಮಗಳೋ ಅದನ್ನು ಕೈಗೆತ್ತಿಕೊಂಡು ಕೇಳುವ ಮೊದಲ ಮಾತು: ‘ಇದು ಒರಿಜಿನಲ್ ಐತೇನು?’

ಈ ಪ್ರಶ್ನೆಗೆ ಹೌದು, ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಕೊಡಲಾಗದು. ಮೂವತ್ತು ನಲವತ್ತು ವರ್ಷ ಒಬ್ಬ ರೈತನ, ಸಾಲಿ ಮಾಸ್ತರರ ಅಥವಾ ರೈಲ್ವೆ ನೌಕರರ ಮಣಿಕಟ್ಟಿನ ಮೇಲೆ ಇದ್ದ ವಾಚು ಹಲವು ಸಲ ರಿಪೇರಿಯವರ ಕೈ ಸೇರಿರುತ್ತದೆ. ಗಾಜು ಒಡೆದಿರುತ್ತದೆ, ಚಾವಿ ಕಳೆದಿರುತ್ತದೆ, ಮುಳ್ಳು ಮುರಿದಿರುತ್ತದೆ. ಹಾಗಾಗಿ ಕೇಳಬೇಕಾದದ್ದು ಬಿಡಿಬಿಡಿಯಾಗಿ: ಡಯಲ್ ಅಸಲಿಯೇ, ಮುಳ್ಳುಗಳು ಅಸಲಿಯೇ, ಒಳಗಿನ ಮಶೀನು ಅಸಲಿಯೇ, ಕೇಸು ಮತ್ತು ಹಿಂದಿನ ಮುಚ್ಚಳ ಅಸಲಿಯೇ, ಚಾವಿ ಅಸಲಿಯೇ? ಈ ಐದರಲ್ಲಿ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ ಡಯಲ್. ಉಳಿದದ್ದನ್ನು ಹೇಗಾದರೂ ಹೊಂದಿಸಬಹುದು. ಒಮ್ಮೆ ಕೆಡಿಸಿದ ಡಯಲ್ ಮತ್ತೆ ಬರುವುದಿಲ್ಲ.

ಇನ್ನೊಂದು ಸೂತ್ರವನ್ನು ಕೊನೆಯವರೆಗೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಒಟ್ಟಿಗೆ ಬಾಳಿದ ಭಾಗಗಳಿಗೆ ಒಟ್ಟಿಗೇ ವಯಸ್ಸಾಗುತ್ತದೆ. ಒಂದು ಭಾಗ ಮುದಿಯಾಗಿ, ಪಕ್ಕದ್ದು ನಿನ್ನೆ ಬಂದಂತೆ ಹೊಳೆಯುತ್ತಿದ್ದರೆ ಅಲ್ಲಿ ಯಾರದೋ ಕೈ ಆಡಿದೆ.

ವಾಚನ್ನು ಮುಟ್ಟುವ ಮೊದಲು ಮನೆಯ ಹಿರಿಯರ ಹತ್ತಿರ ಕುಳಿತುಕೊಳ್ಳಿ. ಯಾರು ಕೊಂಡದ್ದು, ಯಾವಾಗ, ಎಲ್ಲಿ? ಮದುವೆಯಲ್ಲಿ ಅಳಿಯನಿಗೆ ಕೊಟ್ಟದ್ದೋ, ನಿವೃತ್ತಿಯಲ್ಲಿ ಬಂದದ್ದೋ? ಮದುವೆಯ ಫೋಟೊ ಇದ್ದರೆ ವರನ ಮಣಿಕಟ್ಟನ್ನು ನೋಡಿ. ಹಳೆಯ ಕಪ್ಪು-ಬಿಳುಪು ಫೋಟೊಗಳಲ್ಲಿ ಮದುಮಗ ವಾಚು ಕಾಣುವಂತೆ ಕೈ ಇಟ್ಟುಕೊಂಡಿರುವುದು ಉಂಟು. ಡಯಲ್ ಕಪ್ಪೋ ಬಿಳಿಯೋ, ಅಂಕಿಗಳಿವೆಯೋ ಬರೀ ಗೆರೆಗಳೋ ಎಂಬುದು ಎಷ್ಟೋ ಸಲ ಅಲ್ಲಿ ಗೊತ್ತಾಗುತ್ತದೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಸಿಗುವುದು ಕಷ್ಟ.

ಆ ಮೇಲೆ ಮನೆಯವರು ಹೇಳಿದ ಇಸವಿಯನ್ನು ಕಂಪನಿಯ ಇಸವಿಯೊಂದಿಗೆ ಹೋಲಿಸಿ. ಹಿಂದೂಸ್ತಾನ್ ಮಶೀನ್ ಟೂಲ್ಸ್, ಅಂದರೆ ಎಚ್‌ಎಂಟಿ, ಬೆಂಗಳೂರಿನಲ್ಲಿ ಶುರುವಾದದ್ದು 1953ರಲ್ಲಿ. ಆದರೆ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಅದರ ವಾಚ್ ಕಾರ್ಖಾನೆ ಬಂದದ್ದು 1961ರಲ್ಲಿ. ಮೊದಲ ವಾಚುಗಳನ್ನು ಪ್ರಧಾನಿ ಜವಾಹರಲಾಲ್ ನೆಹರೂ ಬಿಡುಗಡೆ ಮಾಡಿದರು. ಆದ್ದರಿಂದ ‘1955ರ ಲಗ್ನದಾಗ ಕೊಟ್ಟ ಎಚ್‌ಎಂಟಿ’ ಎಂದು ಯಾರಾದರೂ ಹೇಳಿದರೆ ಇಸವಿ ತಪ್ಪಿರಬೇಕು, ಇಲ್ಲವೇ ಆ ವಾಚು ಬೇರೆ, ಈ ವಾಚು ಬೇರೆ. ಟೈಟಾನ್ ಕಂಪನಿ ಹುಟ್ಟಿದ್ದು 1984ರಲ್ಲಿ, ವಾಚು ಮಾರುಕಟ್ಟೆಗೆ ಬಂದದ್ದು 1987ರ ಸುಮಾರಿಗೆ. ಎಚ್‌ಎಂಟಿಯ ಸೆಲ್ ವಾಚುಗಳು, ಅಂದರೆ ಕ್ವಾರ್ಟ್ಜ್, 1980ರ ದಶಕದವು. ಹಿರಿಯರ ನೆನಪು ಸುಳ್ಳೆಂದು ಇದರ ಅರ್ಥವಲ್ಲ. ಮನೆಯಲ್ಲಿ ಎರಡು ವಾಚಿದ್ದು, ನೆನಪಿನಲ್ಲಿ ಒಂದಾಗಿರುವುದು ಸಾಮಾನ್ಯ.

1961ಕ್ಕಿಂತ ಹಿಂದಿನದಾದರೆ ಅದು ಬಹುಮಟ್ಟಿಗೆ ಸ್ವಿಸ್ ವಾಚೇ ಆಗಿರುತ್ತದೆ. ಧಾರವಾಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬೈ ರಾಜ್ಯದಲ್ಲಿತ್ತು. ಹತ್ತಿ ವ್ಯಾಪಾರ, ಕೋರ್ಟು-ಕಚೇರಿ, ನೌಕರಿ ಎಂದು ನಮ್ಮವರ ಓಡಾಟ ಮುಂಬೈ ಕಡೆಗೇ ಹೆಚ್ಚು. ಆ ಮುಂಬೈಯೇ ಸ್ವಿಸ್ ವಾಚುಗಳು ದೇಶದೊಳಗೆ ಬರುತ್ತಿದ್ದ ಹೆಬ್ಬಾಗಿಲು. 1737ರಷ್ಟು ಹಳೆಯ ಫಾವ್ರ್-ಲ್ಯೂಬಾ 1865ರಲ್ಲೇ ಭಾರತಕ್ಕೆ ಬಂದಿತ್ತು. ನಮ್ಮ ಕಡೆ ಅದನ್ನು ‘ಫೇವರ್ ಲೂಬಾ’ ಎನ್ನುತ್ತಾರೆ. ವೆಸ್ಟ್ ಎಂಡ್ ವಾಚ್ ಕಂಪನಿ 1886ರಲ್ಲಿ ಮುಂಬೈಯಲ್ಲೇ ಶುರುವಾದದ್ದು. ಅದರ ‘ಸೋವಾರ್ ಪ್ರೈಮಾ’ ಸೈನ್ಯದಲ್ಲಿದ್ದವರ ಮನೆಗಳಲ್ಲಿ ಈಗಲೂ ಸಿಗುತ್ತದೆ. ರೋಮರ್, ಹೆನ್ರಿ ಸ್ಯಾಂಡೋಜ್, ಟಿಟೋನಿ, ಕ್ಯಾಮಿ ಉಳಿದ ಪರಿಚಿತ ಹೆಸರುಗಳು. 1970ರ ದಶಕದ ಸೀಕೋ, ಸಿಟಿಜನ್, ರಿಕೋ ವಾಚುಗಳಿಗೆ ಬಿಲ್ಲು ಸಿಗದಿದ್ದರೆ ಅನುಮಾನ ಪಡಬೇಡಿ. ಆಮದಿನ ಮೇಲೆ ಬಿಗಿ ಇದ್ದ ಆ ಕಾಲದಲ್ಲಿ ಎಷ್ಟೋ ವಾಚುಗಳು ಬಿಲ್ಲಿಲ್ಲದೆ ಬಂದವು.

ಈಗ ಡಯಲ್ಲಿಗೆ ಬರೋಣ. ಇದಕ್ಕೆ ವಾಚು ಬಿಚ್ಚುವ ಅಗತ್ಯವಿಲ್ಲ. ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಹತ್ತು ಪಟ್ಟಿನ ಭೂತಗನ್ನಡಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೊಬೈಲಿನಲ್ಲಿ ಹತ್ತಿರದಿಂದ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಹಗಲು ಬೆಳಕಿನಲ್ಲಿ, ವಾಚನ್ನು ಸ್ವಲ್ಪ ಓರೆ ಹಿಡಿದು.

ಕಾರ್ಖಾನೆಯ ಡಯಲ್ ಒಂದು ತೆಳುವಾದ ಹಿತ್ತಾಳೆ ತಗಡು. ಅದರ ಮೇಲೆ ಲೇಪ ಹಚ್ಚಿ, ಕೆತ್ತಿದ ಅಚ್ಚಿನಿಂದ ಶಾಯಿಯನ್ನು ಎತ್ತಿ ಒತ್ತುತ್ತಾರೆ. ಆದ್ದರಿಂದ ಅಕ್ಷರದ ಅಂಚು ಚೂಪಾಗಿರುತ್ತದೆ, ಶಾಯಿ ಕೂದಲೆಳೆಯಷ್ಟು ಉಬ್ಬಿರುತ್ತದೆ. ನಿಮಿಷದ ಗೆರೆಗಳು ಗಂಟೆಯ ಗುರುತುಗಳ ನಡುವೆ ಸರಿಯಾಗಿ ಕೂತಿರುತ್ತವೆ. ಮತ್ತೆ ಪೇಂಟ್ ಮಾಡಿದ ಡಯಲ್ಲಿನಲ್ಲಿ, ಅಂದರೆ ಬಾಜಾರದ ಭಾಷೆಯಲ್ಲಿ ರೀಡಯಲ್ಲಿನಲ್ಲಿ, ಹಳೆಯ ಲೇಪವನ್ನು ಉಜ್ಜಿ ತೆಗೆದು ಹೊಸ ಬಣ್ಣ ಹಾಕಿರುತ್ತಾರೆ. ಅಲ್ಲಿ ಅಕ್ಷರ ದಪ್ಪಗಾಗುತ್ತದೆ, ಅಂಚಿನಲ್ಲಿ ಶಾಯಿ ಹರಡಿರುತ್ತದೆ, 12ರ ಕೆಳಗಿನ ಕಂಪನಿ ಹೆಸರು ಎಡಕ್ಕೋ ಬಲಕ್ಕೋ ಸರಿದಿರುತ್ತದೆ. ಅಂಕಿಗಳ ಸುತ್ತ ಬಣ್ಣದ ಕೆನೆ ಕಟ್ಟಿರುತ್ತದೆ. ತಾರೀಖು ತೋರಿಸುವ ವಾಚಾದರೆ ಕಿಟಕಿಯ ಅಂಚನ್ನು ನೋಡಿ. ಅಸಲಿ ಡಯಲ್ಲಿನಲ್ಲಿ ಅದು ನೀಟಾಗಿ ಕತ್ತರಿಸಿದಂತಿರುತ್ತದೆ. ಪೇಂಟಿನದಾದರೆ ಬಣ್ಣ ಒಳಗೆ ಇಳಿದು ಅಂಚು ಮೊಂಡಾಗಿರುತ್ತದೆ.

ಆರರ ಕೆಳಗೆ, ಅಂಚಿಗೆ ಅಂಟಿಕೊಂಡಂತೆ ಇರುವ ಸಣ್ಣಕ್ಷರವನ್ನು ತಪ್ಪದೆ ಓದಿ. ಸ್ವಿಸ್ ವಾಚುಗಳಲ್ಲಿ ಅಲ್ಲಿ ‘ಸ್ವಿಸ್’ ಅಥವಾ ‘ಸ್ವಿಸ್ ಮೇಡ್’ ಎಂದು ಇರುವುದು ವಾಡಿಕೆ. ಅಗ್ಗದ ರೀಡಯಲ್ಲಿನಲ್ಲಿ ಅದು ಕಾಣೆಯಾಗಿರುತ್ತದೆ, ಇಲ್ಲವೇ ಸೊಟ್ಟಗಿರುತ್ತದೆ. ‘ಟಿ ಸ್ವಿಸ್ ಟಿ’ ಎಂದಿದ್ದರೆ ರಾತ್ರಿ ಹೊಳೆಯಲು ಟ್ರೀಷಿಯಂ ಬಳಸಿದ್ದಾರೆ ಎಂದರ್ಥ. ಟ್ರೀಷಿಯಂನ ಅರ್ಧಾಯುಷ್ಯ ಸುಮಾರು 12.3 ವರ್ಷ. ಐವತ್ತು ವರ್ಷದ ನಂತರ ಹದಿನಾರನೆಯ ಒಂದು ಪಾಲಿಗೂ ಕಡಿಮೆ ಉಳಿದಿರುತ್ತದೆ. ಅಂಥ ವಾಚಿನ ಅಂಕಿಗಳು ಕತ್ತಲಲ್ಲಿ ರಾತ್ರಿಯಿಡೀ ಹಸಿರಾಗಿ ಹೊಳೆದರೆ ಆ ಬಣ್ಣ ಹೊಸದು. ಅದಕ್ಕೂ ಹಿಂದಿನ, 1960ರ ದಶಕದ ಆರಂಭಕ್ಕೆ ಮುಂಚಿನ ಹೊಳೆಯುವ ಡಯಲ್ಲುಗಳಲ್ಲಿ ರೇಡಿಯಂ ಇರುತ್ತಿತ್ತು. ಅದರ ಅರ್ಧಾಯುಷ್ಯ ಸುಮಾರು 1,600 ವರ್ಷ. ಹೊಳಪು ಸತ್ತಿರುತ್ತದೆ, ಏಕೆಂದರೆ ಹೊಳೆಯುವ ಪುಡಿ ಸವೆದಿರುತ್ತದೆ. ವಿಕಿರಣ ಮಾತ್ರ ಹಾಗೇ ಇರುತ್ತದೆ. ಆದ್ದರಿಂದ ಕಂದು ಬಣ್ಣಕ್ಕೆ ತಿರುಗಿದ ಆ ಪುಡಿಯನ್ನು ಉಗುರಿನಿಂದಾಗಲಿ ಸೂಜಿಯಿಂದಾಗಲಿ ಕೆರೆಯಬೇಡಿ, ಊದಬೇಡಿ. ಮಕ್ಕಳ ಕೈಗಂತೂ ಕೊಡಲೇಬೇಡಿ.

ಮುಳ್ಳುಗಳ ಪರೀಕ್ಷೆಯೂ ಇಲ್ಲೇ ಮುಗಿಯುತ್ತದೆ. ಮುಳ್ಳಿನೊಳಗಿನ ಹೊಳಪಿನ ಬಣ್ಣ ಮತ್ತು ಅಂಕಿಗಳ ಮೇಲಿನ ಬಣ್ಣ ಒಂದೇ ರೀತಿ ಹಳತಾಗಿರಬೇಕು. ನಿಮಿಷದ ಮುಳ್ಳಿನ ತುದಿ ನಿಮಿಷದ ಗೆರೆಯನ್ನು ಮುಟ್ಟುವಷ್ಟು ಉದ್ದವಿರಬೇಕು. ಗಿಡ್ಡ ಮುಳ್ಳು ಬೇರೆ ವಾಚಿನದು.

ಎಚ್‌ಎಂಟಿಯಲ್ಲಿ ಡಯಲ್ಲಿನ ತೊಡಕು ಇನ್ನೂ ಹೆಚ್ಚು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜನತಾ, ಪೈಲಟ್ ಮುಂತಾದ ಚಾವಿ ಕೊಡುವ ವಾಚುಗಳಲ್ಲಿ ಒಂದೇ ಮಶೀನು ಇದೆ: ಸಿಟಿಜನ್ ವಿನ್ಯಾಸದಿಂದ ಬಂದ, 17 ಜ್ಯುವೆಲ್ಲುಗಳ 0231. ಮಶೀನು ಒಂದೇ ಆದ್ದರಿಂದ ಒಂದರ ಡಯಲ್ ಇನ್ನೊಂದಕ್ಕೆ ಸಲೀಸಾಗಿ ಕೂರುತ್ತದೆ. ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ರಿಪೇರಿಯವರು ಇದ್ದ ಸಾಮಾನಿನಲ್ಲೇ ವಾಚು ನಡೆಸಿಕೊಟ್ಟಿದ್ದಾರೆ. ಆಗ ಗಿರಾಕಿಗೆ ಬೇಕಾಗಿದ್ದದ್ದು ಟೈಮು, ಅಷ್ಟೇ. ಅದನ್ನು ಮೋಸ ಎನ್ನಲಾಗದು. ಮೋಸ ಇರುವುದು ಇನ್ನೊಂದು ಕಡೆ. ಹಳೆಯ 0231 ಮಶೀನುಗಳಿಗೆ ಕೇಸರಿ, ಗಿಳಿಹಸಿರು, ಆಕಾಶನೀಲಿ ಬಣ್ಣದ ಹೊಸ ಡಯಲ್ ಹಚ್ಚಿ ‘ಅಪರೂಪದ ಪೈಲಟ್’ ಎಂದು ಮಾರುವ ದೊಡ್ಡ ದಂಧೆ ಇದೆ. ಪೈಲಟ್ ಎಂದರೆ ಜನರ ನೆನಪಿನಲ್ಲಿರುವುದು ಕಪ್ಪು ಡಯಲ್ ಮೇಲೆ ಬಿಳಿ ಅಂಕಿಗಳು. ಟ್ರಂಕಿನಿಂದ ನೇರ ಕೈಗೆ ಬಂದ ವಾಚಿಗೆ ಇಂಥ ಕಣ್ಣು ಕುಕ್ಕುವ ಬಣ್ಣ ಇದ್ದರೆ ನಡುವೆ ಅದು ಎಲ್ಲಿಗೋ ಹೋಗಿ ಬಂದಿದೆ.

ಡಯಲ್ಲಿನ ಮೇಲಿನ ಮಾತು ಮಶೀನಿಗೆ ಒಪ್ಪುತ್ತದೆಯೇ ನೋಡಿ. ಜನತಾ ಡಯಲ್ ಮೇಲೆ 21 ಜ್ಯುವೆಲ್ ಎಂದಿದ್ದರೆ ಅದು ಸುಳ್ಳು. 21 ಜ್ಯುವೆಲ್ ಇರುವುದು ಕಾಂಚನ್‌ನಂಥ ಆಟೊಮ್ಯಾಟಿಕ್ ವಾಚುಗಳಲ್ಲಿ. ಕಾಂಚನ್ ಒಂದು ಕಾಲಕ್ಕೆ ಮದುವೆಯ ಉಡುಗೊರೆಯಾಗಿ ಎಲ್ಲರೂ ಬಯಸುತ್ತಿದ್ದ ವಾಚು. ಆಟೊಮ್ಯಾಟಿಕ್ ಎಂದು ಬರೆದ ವಾಚನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಒಳಗೆ ಅರ್ಧಚಂದ್ರಾಕಾರದ ತೂಕವೊಂದು ತಿರುಗುವ ಸದ್ದು, ಅದರ ಭಾರ ಕೈಗೆ ಗೊತ್ತಾಗಬೇಕು. ಗೊತ್ತಾಗದಿದ್ದರೆ ಡಯಲ್ ಒಂದು ಕಡೆಯದು, ಮಶೀನು ಇನ್ನೊಂದು ಕಡೆಯದು.

ಜ್ಯುವೆಲ್ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಬಹಳ ಆಸೆ ಹುಟ್ಟಿಸಿದೆ, ಅದಕ್ಕಾಗಿ ಇಷ್ಟು ಹೇಳಲೇಬೇಕು. ಅವು ಕೃತಕ ಮಾಣಿಕ್ಯದ ಚೂರುಗಳು. 1902ರಿಂದಲೂ ಅದನ್ನು ಕುಲುಮೆಯಲ್ಲಿ ಬೆಳೆಸುತ್ತಾರೆ. ಚಕ್ರಗಳ ಅಚ್ಚು ತಿರುಗುವ ಕಡೆ ಸವೆತ ತಡೆಯಲು ಇಡುವ ಕಲ್ಲು ಅದು. ತೆಗೆದು ಪತ್ತಾರರ ಹತ್ತಿರ ಒಯ್ದರೆ ಏನೂ ಸಿಗುವುದಿಲ್ಲ, ವಾಚು ಮಾತ್ರ ಹಾಳು.

ಬಿಚ್ಚದೆ ಮಾಡಬಹುದಾದ ಕೊನೆಯ ಪರೀಕ್ಷೆ ಸದ್ದಿನದು. ನನಗೆ ಇದು ಬಹಳ ಇಷ್ಟದ ಪರೀಕ್ಷೆ, ಏಕೆಂದರೆ ಸದ್ದಿಗೆ ಬಣ್ಣ ಹಚ್ಚಲು ಬರುವುದಿಲ್ಲ. 0231 ಮಶೀನು ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ 5 ಸಲ ಮಿಡಿಯುತ್ತದೆ. 1970ರ ದಶಕದ ಸೀಕೋ 7009ರಂಥವು ಗಂಟೆಗೆ 21,600, ಅಂದರೆ ಸೆಕೆಂಡಿಗೆ 6. ವಾಚಿನ ಮಿಡಿತ ಅಳೆಯುವ ಆ್ಯಪ್‌ಗಳು ಮೊಬೈಲಿನಲ್ಲಿ ಸಿಗುತ್ತವೆ. ಮನೆ ನಿಶ್ಶಬ್ದವಿದ್ದಾಗ ಮೈಕಿನ ಬಾಯಿಗೆ ವಾಚಿನ ಬೆನ್ನು ತಾಗಿಸಿ ಇಟ್ಟರೆ ಎಣಿಕೆ ಬರುತ್ತದೆ. ಜನತಾ ಎಂದು ಬರೆದ ವಾಚು 21,600 ತೋರಿಸಿದರೆ ಒಳಗಿರುವುದು ಜನತಾ ಅಲ್ಲ. ಆದರೆ ಒಂದು ಎಚ್ಚರಿಕೆ: ವರ್ಷಗಟ್ಟಲೆ ಮಲಗಿದ್ದ ವಾಚಿಗೆ ಚಾವಿ ಕೊಟ್ಟು ದಿನಗಟ್ಟಲೆ ಓಡಿಸಬೇಡಿ. ಒಳಗಿನ ಎಣ್ಣೆ ಒಣಗಿ ಅಂಟಾಗಿರುತ್ತದೆ. ಅದರ ಜೊತೆ ನಮ್ಮ ಎರೆಮಣ್ಣಿನ ಧೂಳು ಸೇರಿದರೆ ಅಚ್ಚುಗಳು ಸವೆಯುತ್ತವೆ. ಸದ್ದು ಕೇಳಲು ನಾಲ್ಕೈದು ಸುತ್ತು ಸಾಕು.

ಇನ್ನು ಮುಚ್ಚಳ ತೆಗೆಯುವುದು. ಮನೆಯಲ್ಲಿ ಈಳಿಗೆ, ಚಾಕು, ಸ್ಕ್ರೂಡ್ರೈವರ್ ಹಿಡಿದು ಈ ಕೆಲಸಕ್ಕೆ ಕೂರಬೇಡಿ. ಕೆಲವು ಮುಚ್ಚಳ ಒತ್ತಿ ಕೂರಿಸಿದ್ದು, ಕೆಲವು ತಿರುಪಿನವು. ಎರಡಕ್ಕೂ ಬೇರೆ ಬೇರೆ ಹತಾರ ಬೇಕು. ಹುಬ್ಬಳ್ಳಿ, ಧಾರವಾಡ ಅಥವಾ ತಾಲೂಕಿನ ಪ್ಯಾಟಿಯಲ್ಲಿ ಚಾವಿ ವಾಚಿನ ಕೆಲಸ ಬಲ್ಲ ಹಿರಿಯ ರಿಪೇರಿಯವರು ಇನ್ನೂ ಇದ್ದಾರೆ. ಅವರ ಹತ್ತಿರ ಹೋಗಿ, ‘ಅಣ್ಣಾರ, ರಿಪೇರಿ ಆಮ್ಯಾಲೆ ನೋಡೂಣು, ಮೊದ್ಲ ನನ್ನ ಮುಂದ ಮುಚ್ಚಳ ತಗದು ಮಶೀನ್ ತೋರಸ್ರಿ’ ಎಂದು ಕೇಳಿ. ಅವರ ಸಮಯಕ್ಕೆ ದುಡ್ಡು ಕೊಡಿ. ತೆಗೆದ ಕೂಡಲೇ ಫೋಟೊ ತೆಗೆದುಕೊಳ್ಳಿ.

ಒಳಗೆ ನೋಡಬೇಕಾದ ಮೊದಲ ಜಾಗ ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರದ ಹತ್ತಿರ. ಅದರ ಅಡಿಯಲ್ಲೋ ಪಕ್ಕದಲ್ಲೋ ಮಶೀನು ಮಾಡಿದವರ ಗುರುತು, ನಂಬರು ಇರುತ್ತದೆ. ಫಾವ್ರ್-ಲ್ಯೂಬಾದಲ್ಲಿ ‘ಎಫ್‌ಎಲ್’ ಮತ್ತು ನಂಬರು, ರೋಮರಿನಲ್ಲಿ ‘ಎಂಎಸ್‌ಟಿ’, ಅಂದರೆ ರೋಮರ್ ಮಾಡುತ್ತಿದ್ದ ಮೇಯರ್ ಮತ್ತು ಸ್ಟ್ಯೂಡೆಲಿ ಕಾರ್ಖಾನೆಯ ಗುರುತು. ಬೇರೆ ಹೆಸರು ಕಂಡ ಮಾತ್ರಕ್ಕೆ ನಕಲಿ ಎಂದು ಗಾಬರಿಯಾಗಬೇಡಿ. ಸ್ವಿಟ್ಜರ್ಲೆಂಡಿನ ಎಷ್ಟೋ ಕಂಪನಿಗಳು ಮಶೀನನ್ನು ತಾವು ಮಾಡದೆ ಎಎಸ್, ಎಫ್‌ಎಚ್‌ಎಫ್, ಇಟಿಎ ಕಾರ್ಖಾನೆಗಳಿಂದ ಕೊಂಡು, ಮೇಲೆ ತಮ್ಮ ಹೆಸರು ಒತ್ತಿಸುತ್ತಿದ್ದವು. ಮಶೀನಿನ ಲೋಹದ ಪಟ್ಟಿಯ ಮೇಲೆ ಡಯಲ್ಲಿನದೇ ಹೆಸರಿದ್ದು ಅಡಿಯಲ್ಲಿ ಎಎಸ್ ಎಂದಿದ್ದರೆ ಅದು ಪದ್ಧತಿಯಂತೆಯೇ ಇದೆ. ಡಯಲ್ ಮೇಲೆ ಒಂದು ಕಂಪನಿ, ಮಶೀನಿನ ಮೇಲೆ ಮತ್ತೊಂದು ವಾಚು ಕಂಪನಿಯ ಹೆಸರು ಎದ್ದು ಕಾಣುವಂತಿದ್ದರೆ ಮಾತ್ರ ಅದು ಜೋಡಿಸಿದ ವಾಚು. ಮಶೀನನ್ನು ಕೇಸಿನೊಳಗೆ ಕಾಗದದ ಚೂರೋ ಪ್ಲಾಸ್ಟಿಕ್ಕಿನ ತುಂಡೋ ಇಟ್ಟು ಬಿಗಿ ಮಾಡಿದ್ದರೂ ಅದೇ ಅರ್ಥ.

ಸೀಕೋದಲ್ಲಿ ಈ ಕೆಲಸ ಬಹಳ ಸುಲಭ. ಹಿಂದಿನ ಮುಚ್ಚಳದ ಮೇಲೆ ಎರಡು ಭಾಗದ ನಂಬರು ಇರುತ್ತದೆ. ಮೊದಲ ನಾಲ್ಕು ಅಂಕಿ, ಉದಾಹರಣೆಗೆ 7009, ಮಶೀನಿನ ಮೇಲಿನ ನಂಬರಿಗೂ ಡಯಲ್ಲಿನ ಅಡಿಯ ಸಣ್ಣಕ್ಷರಕ್ಕೂ ಹೊಂದಬೇಕು. ಕ್ರಮಸಂಖ್ಯೆಯ ಮೊದಲ ಅಂಕಿ ತಯಾರಾದ ಇಸವಿಯ ಕೊನೆಯ ಅಂಕಿ, ಎರಡನೆಯದು ತಿಂಗಳು. ಅಕ್ಟೋಬರ್, ನವೆಂಬರ್, ಡಿಸೆಂಬರ್‌ಗೆ ಅಂಕಿಯ ಬದಲು ಓ, ಎನ್, ಡಿ ಎಂಬ ಅಕ್ಷರಗಳು. 7 ಎಂದಿದ್ದರೆ 1977 ಇರಬಹುದು, 1987 ಇರಬಹುದು. ಅಲ್ಲಿ ಮನೆಯವರು ಹೇಳಿದ ಮಾತು ನೆರವಿಗೆ ಬರುತ್ತದೆ.

ಮುಚ್ಚಳದ ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿ. ಸೂಜಿಯಿಂದ ಗೀಚಿದ ಸಣ್ಣ ಅಂಕಿ, ಅಕ್ಷರಗಳು ಕಾಣಬಹುದು. ರಿಪೇರಿಯವರು ತಮ್ಮ ಕೈಗೆ ಬಂದ ವಾಚಿಗೆ ಗುರುತು ಹಾಕುವ ಹಳೆಯ ರೂಢಿ ಅದು, ಕೆಲವರು ತಾರೀಖನ್ನೂ ಬರೆಯುತ್ತಿದ್ದರು. ವಾಚನ್ನು ಎಷ್ಟು ಸಲ ಬಿಚ್ಚಿದ್ದಾರೆ ಎಂಬುದಕ್ಕೆ ಇದೇ ದಾಖಲೆ. ಉಜ್ಜಿ ಅಳಿಸಬೇಡಿ. ಹೊರಮೈಯಲ್ಲಿ ಹೆಸರು, ನಿವೃತ್ತಿಯ ದಿನ ಕೆತ್ತಿಸಿದ್ದರೆ ಅದನ್ನೂ ಹಾಗೇ ಬಿಡಿ. ಮಾರುವವರು ಅದನ್ನು ಕುಂದು ಎನ್ನಬಹುದು. ಮನೆತನಕ್ಕೆ ಅದೇ ಪುರಾವೆ.

ಒಟ್ಟಿಗೆ ಬಾಳಿದ್ದಕ್ಕೆ ಒಟ್ಟಿಗೇ ವಯಸ್ಸು ಎಂಬ ಸೂತ್ರವನ್ನು ಇಲ್ಲಿ ಪೂರ್ತಿ ಬಳಸಬೇಕು. ಕಲಘಟಗಿ ಅರೆಮಲೆನಾಡು, ಮಳೆ ಜಾಸ್ತಿ. ಅಲ್ಲಿ ಬಾಳಿದ ವಾಚಿನ ಚಾವಿಯ ಕಡ್ಡಿಗೆ ತುಕ್ಕು, ಡಯಲ್ಲಿನ ಅಂಚಿಗೆ ತೇವದ ಕಲೆ ಸಹಜ. ನವಲಗುಂದ, ಅಣ್ಣಿಗೇರಿಯ ಎರೆ ಭೂಮಿಯ ವಾಚಿನಲ್ಲಿ ಚಾವಿಯ ಸುತ್ತ, ಮುಚ್ಚಳದ ಸಂದಿಯಲ್ಲಿ ಬೆವರಿನೊಂದಿಗೆ ಗಟ್ಟಿಯಾದ ಕಪ್ಪು ಧೂಳು ಸಿಗುತ್ತದೆ. ಮಶೀನಿನ ಮೇಲೆ ತುಕ್ಕಿದ್ದು ಡಯಲ್ಲಿನ ಮೇಲೆ ಒಂದು ಚುಕ್ಕೆಯೂ ಇಲ್ಲವೆಂದರೆ, ಆ ಡಯಲ್ ತುಕ್ಕು ಹಿಡಿದಾಗ ಅಲ್ಲಿರಲಿಲ್ಲ.

ಕೇಸಿನ ವಿಷಯ ಚಿಕ್ಕದು. ಬೆಲ್ಟ್ ಸಿಕ್ಕಿಸುವ ಕಿವಿಗಳ ಅಂಚು ಚೂಪಾಗಿದ್ದರೆ ಪಾಲಿಶ್ ಕಡಿಮೆ ಬಿದ್ದಿದೆ. ಉಂಡೆಯಾಗಿ, ಮುಚ್ಚಳದ ಅಕ್ಷರ ಮಾಸಿದ್ದರೆ ಬಹಳ ಬಿದ್ದಿದೆ. ಬಂಗಾರದ ಬಣ್ಣದ ಕೇಸು ಸಾಮಾನ್ಯವಾಗಿ ಮುಲಾಮಿನದು. ಅದರ ಮೇಲೆ 20 ಮೈಕ್ರಾನ್ ಎಂದು ಬರೆದಿದ್ದರೆ, ಒಂದು ಮಿಲಿಮೀಟರಿನ ಐವತ್ತನೆಯ ಒಂದು ಪಾಲು ದಪ್ಪದ ಪದರ. ಕಿವಿಗಳ ತುದಿಯಲ್ಲಿ ಅದು ಸವೆದು ಕೆಳಗಿನ ಲೋಹ ಕಾಣುವುದು ವಯಸ್ಸಿನ ಲಕ್ಷಣ. ಹೊಸ ಮುಲಾಮು ಹಾಕಿಸಿದರೆ ಆ ಲಕ್ಷಣ ಹೋಗುತ್ತದೆ.

ಹಾಗಾದರೆ ಏನು ಬದಲಿಸಬಹುದು? ಗಾಜು ಬದಲಿಸಿ, ಹಳೆಯ ವಾಚುಗಳಲ್ಲಿ ಅದು ಬಹುತೇಕ ಪ್ಲಾಸ್ಟಿಕ್ಕಿನದೇ, ಕಾಲಕಾಲಕ್ಕೆ ಬದಲಾಗಲೆಂದೇ ಇರುವುದು. ಬೆಲ್ಟ್, ಸ್ಪ್ರಿಂಗು, ಚಾವಿಯೂ ಹಾಗೆಯೇ. ಮಶೀನಿನ ಸವೆದ ಭಾಗಕ್ಕೆ ಅದೇ ನಂಬರಿನ ಇನ್ನೊಂದು ಮಶೀನಿನ ಭಾಗ ಹಾಕುವುದು ಸರಿಯಾದ ರಿಪೇರಿಯೇ. ಡಯಲ್ ಮಾತ್ರ ತೊಳೆಸಬೇಡಿ, ಪೇಂಟ್ ಮಾಡಿಸಬೇಡಿ. ‘ಹೊಸಾದ್ರಂಗ ಮಾಡಿ ಕೊಡ್ತೇನ್ರಿ’ ಎಂದು ಪ್ರೀತಿಯಿಂದ ಹೇಳುವವರು ಇರುತ್ತಾರೆ. ಅವರ ಪ್ರೀತಿಗೆ ಕೈಮುಗಿದು, ಡಯಲ್ ಮುಟ್ಟಬೇಡಿರೆಂದು ಚೀಟಿಯ ಮೇಲೆ ಬರೆದು ಕೊಡಿ. ಹಳದಿಯಾದರೂ, ಚುಕ್ಕೆ ಬಿದ್ದರೂ ಅಜ್ಜ ನೋಡಿದ ಡಯಲ್ ಅದು. ಮಾರುಕಟ್ಟೆಯಲ್ಲೂ ಮಾಸಿದ ಅಸಲಿ ಡಯಲ್ಲಿಗೇ ಬಲ್ಲವರು ಹೆಚ್ಚು ಬೆಲೆ ಕೊಡುತ್ತಾರೆ. ರಿಪೇರಿಯಲ್ಲಿ ತೆಗೆದ ಹಳೆಯ ಭಾಗ ಎಷ್ಟೇ ಕೆಟ್ಟಿದ್ದರೂ ಸಣ್ಣ ಚೀಲದಲ್ಲಿ ಹಾಕಿಸಿಕೊಂಡು ಬನ್ನಿ.

ಎಚ್‌ಎಂಟಿ ವಾಚುಗಳ ತಯಾರಿಕಾ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಹಳೆಯ ಮಾದರಿಗಳನ್ನು ಕಣ್ಣಾರೆ ನೋಡಲು ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಹೆರಿಟೇಜ್ ಸೆಂಟರ್ ಇದೆ. ಬೆಂಗಳೂರಿಗೆ ಹೋಗುವ ಕೆಲಸವಿದ್ದಾಗ ಮನೆಯ ವಾಚನ್ನೂ ಅದರ ಫೋಟೊಗಳನ್ನೂ ಒಯ್ಯಿರಿ. ಅದೇ ಮಾದರಿ ಅಲ್ಲಿದ್ದರೆ ಮೊದಲು ಹೆಸರಿನ ಅಕ್ಷರದ ಆಕಾರ, ಆ ಮೇಲೆ ಮುಳ್ಳಿನ ಆಕಾರ, ಕೊನೆಗೆ ಚಾವಿ, ಈ ಕ್ರಮದಲ್ಲಿ ಹೋಲಿಸಿ.